ಲಂಡನ್‌ಗೆ ಮೊದಲು ಬೆಂಗಳೂರು: ವಿದೇಶಿ ಕನ್ಸಲ್ಟಿಂಗ್ ಕೆಲಸಕ್ಕೆ ಕರಾವಳಿಯಿಂದ ಇರುವ ದಾರಿ

ಮಂಗಳೂರಿನ ಕಂಕನಾಡಿಯ ಮಹಾವೀರ ವೃತ್ತದಲ್ಲಿ ಕರ್ಣಾಟಕ ಬ್ಯಾಂಕಿನ ಪ್ರಧಾನ ಕಚೇರಿ ಇದೆ. 1924ರಲ್ಲಿ ಶುರುವಾದ ಬ್ಯಾಂಕು. 2017ರಲ್ಲಿ ಅದು ‘ಕೆಬಿಎಲ್ ವಿಕಾಸ್’ ಎಂಬ ಹೆಸರಿನಲ್ಲಿ ತನ್ನ ಕೆಲಸದ ರೀತಿಯನ್ನೇ ಬದಲಿಸಲು ಹೊರಟಿತು. ಆಗ ಸಲಹೆಗೆ ಕರೆಸಿಕೊಂಡದ್ದು ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪನ್ನು, ಅಂದರೆ ಬಿಸಿಜಿಯನ್ನು. ಸ್ಟ್ರಾಟೆಜಿ ಕನ್ಸಲ್ಟಿಂಗ್ ಅನ್ನುವುದು ನ್ಯೂಯಾರ್ಕಿನಲ್ಲೋ ಲಂಡನ್ನಿನಲ್ಲೋ ಮಾತ್ರ ನಡೆಯುವ ಕೆಲಸ ಅಲ್ಲ, ಪಂಪ್‌ವೆಲ್ ಪಕ್ಕದಲ್ಲೂ ನಡೆದಿದೆ. ಕಂಪನಿಯ ಮುಖ್ಯಸ್ಥರು ಒಂದು ದೊಡ್ಡ ಪ್ರಶ್ನೆ ಇಟ್ಟುಕೊಂಡು ಕೂತಿರುತ್ತಾರೆ: ಹೊಸ ಊರಿಗೆ ಹೋಗಬೇಕಾ, ಬೆಲೆ ಏರಿಸಬೇಕಾ, ಲಾಭ ಯಾಕೆ ಇಳಿಯುತ್ತಿದೆ? ಹೊರಗಿನಿಂದ ನಾಲ್ಕೈದು ಜನರ ತಂಡ ಬರುತ್ತದೆ. ಕೆಲವು ವಾರ ಲೆಕ್ಕ ಹಾಕಿ, ಜನರನ್ನು ಮಾತಾಡಿಸಿ, ಒಂದು ಉತ್ತರ ಕೊಟ್ಟು ಹೋಗುತ್ತದೆ. ಮೆಕಿನ್ಸಿ 1926ರಿಂದ, ಬಿಸಿಜಿ 1963ರಿಂದ, ಬೇನ್ 1973ರಿಂದ ಮಾಡುತ್ತಾ ಬಂದಿರುವುದು ಇದನ್ನೇ.

ಆ ತಂಡದಲ್ಲಿ ತಾನೂ ಇರಬೇಕು, ಅದೂ ವಿದೇಶದಲ್ಲೇ ಇರಬೇಕು ಎನ್ನುವ ಆಸೆ ಈಗ ಬಿ.ಕಾಂ, ಬಿಬಿಎ, ಎಂಬಿಎ ಮುಗಿಸಿದ ಮಕ್ಕಳಲ್ಲಿ ಜಾಸ್ತಿ. ತಪ್ಪೇನಿಲ್ಲ. ಕೆಲಸ ಕಲಿಸುತ್ತದೆ, ಸಂಬಳ ಚೆನ್ನಾಗಿದೆ, ಇಪ್ಪತ್ತನಾಲ್ಕನೇ ವಯಸ್ಸಿಗೇ ದೊಡ್ಡ ದೊಡ್ಡವರ ಎದುರು ಕೂರುವ ಅವಕಾಶ ಸಿಗುತ್ತದೆ. ತೊಂದರೆ ಇರುವುದು ಅಲ್ಲಿಗೆ ಹೋಗುವ ದಾರಿಯ ಬಗ್ಗೆ ಇಲ್ಲಿ ಹೇಳುವ ಕಥೆಯಲ್ಲಿ. ಹಂಪನಕಟ್ಟೆಯಿಂದ ಬಿಜೈ ಕಡೆ ಹೋದರೆ ವಿದೇಶಿ ಓದಿಗೆ ಕಳಿಸುವ ಏಜೆಂಟರ ಯುಕೆ, ಕೆನಡಾ, ಜರ್ಮನಿ ಬೋರ್ಡುಗಳು ಸಿಗುತ್ತವೆ. ಒಳಗೆ ಹೋದರೆ ಸರಳವಾದ ಲೆಕ್ಕ: ಒಂದು ವರ್ಷದ ಮಾಸ್ಟರ್ಸ್, ಎರಡು ವರ್ಷದ ಕೆಲಸದ ವೀಸಾ, ಆಮೇಲೆ ಕೆಲಸ ತಾನಾಗಿಯೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೇರೆ ಕೆಲವು ಕೆಲಸಗಳಿಗೆ ಈ ಲೆಕ್ಕ ಹೊಂದಬಹುದು. ಸ್ಟ್ರಾಟೆಜಿ ಕನ್ಸಲ್ಟಿಂಗ್‌ಗೆ ಹೊಂದುವುದಿಲ್ಲ. ಮೊದಲು ದೇಶ, ಆಮೇಲೆ ಸಂಸ್ಥೆ ಎಂದು ಹೊರಟವರು ಸಾಲ ಹೊತ್ತು ವಾಪಸ್ ಬರುವ ಅಪಾಯ ದೊಡ್ಡದು. ಮೊದಲು ಸಂಸ್ಥೆ, ಆಮೇಲೆ ದೇಶ ಎಂದುಕೊಂಡವರ ದಾರಿ ಉದ್ದ. ಆದರೆ ದಾರಿ ಅಂತ ಒಂದು ಇದೆ.

ಅರ್ಜಿ ಯಾರ ಕಣ್ಣಿಗೆ ಬೀಳುತ್ತದೆ?

ಈ ಸಂಸ್ಥೆಗಳು ಜನರನ್ನು ತೆಗೆದುಕೊಳ್ಳುವ ರೀತಿಯೇ ಬೇರೆ. ಮೇಲೆ ಪಾರ್ಟ್‌ನರ್‌ಗಳು, ಅವರೇ ಕೆಲಸ ತರುವವರು. ನಡುವೆ ಮ್ಯಾನೇಜರ್‌ಗಳು. ಕೆಳಗೆ ಎಕ್ಸೆಲ್, ಸ್ಲೈಡ್, ಫೋನ್ ಕರೆ ಎಲ್ಲ ಮಾಡುವ ಹೊಸಬರು. ಎರಡು ಮೂರು ವರ್ಷಕ್ಕೊಮ್ಮೆ ಮೇಲಕ್ಕೆ ಹೋಗಬೇಕು, ಇಲ್ಲದಿದ್ದರೆ ಹೊರಗೆ ಹೋಗಬೇಕು. ಹಾಗಾಗಿ ಪ್ರತಿ ವರ್ಷ ಕೆಳಗಿನ ಸಾಲಿಗೆ ಹೊಸಬರು ಬೇಕೇ ಬೇಕು. ಆದರೆ ಅವರನ್ನು ಹುಡುಕಲು ಇವರು ಊರೂರು ಸುತ್ತುವುದಿಲ್ಲ. ಬೆರಳೆಣಿಕೆಯ ಕ್ಯಾಂಪಸ್‌ಗಳಿಗೆ ಹೋಗುತ್ತಾರೆ. ಭಾರತದಲ್ಲಿ ಅಹಮದಾಬಾದ್, ಬೆಂಗಳೂರು, ಕೋಲ್ಕತ್ತಾ ಐಐಎಂಗಳು, ಹೈದರಾಬಾದಿನ ಬಿಸಿನೆಸ್ ಸ್ಕೂಲ್ ಐಎಸ್‌ಬಿ, ಐಐಟಿಗಳು, ದೆಹಲಿಯ ಒಂದೆರಡು ಕಾಲೇಜು. ಬ್ರಿಟನ್ನಿನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಎಲ್‌ಎಸ್‌ಇ, ಲಂಡನ್ ಬಿಸಿನೆಸ್ ಸ್ಕೂಲ್. ಫ್ರಾನ್ಸಿನಲ್ಲಿ ಇನ್ಸಿಯಾಡ್, ಎಚ್‌ಇಸಿ. ಅಮೆರಿಕದಲ್ಲಿ ಹಾರ್ವರ್ಡ್, ವಾರ್ಟನ್ ಸಾಲಿನವು. ಇವನ್ನು ‘ಟಾರ್ಗೆಟ್ ಕ್ಯಾಂಪಸ್’ ಎನ್ನುತ್ತಾರೆ.

ಇದು ನ್ಯಾಯವೇ ಎಂದು ಕೇಳಿದರೆ, ಅಲ್ಲ. ಆದರೆ ಅವರ ಲೆಕ್ಕ ಅರ್ಥವಾಗುತ್ತದೆ. ವರ್ಷಕ್ಕೆ ಹತ್ತು ಲಕ್ಷದಷ್ಟು ಅರ್ಜಿ ಬರುತ್ತದೆ, ಅದರಲ್ಲಿ ತೆಗೆದುಕೊಳ್ಳುವುದು ಸುಮಾರು ನೂರಕ್ಕೆ ಒಬ್ಬರನ್ನು ಎಂದು ಮೆಕಿನ್ಸಿಯೇ ಹೇಳಿಕೊಂಡಿದೆ. ಅಷ್ಟನ್ನೂ ಕೂತು ಓದುವವರು ಯಾರು? ಪ್ರವೇಶ ಪರೀಕ್ಷೆಯ ಜರಡಿ ಹಿಡಿಯುವ ಕೆಲಸವನ್ನು ಕಾಲೇಜಿಗೇ ಬಿಟ್ಟರೆ ಅವರಿಗೆ ಖರ್ಚು ಕಡಿಮೆ. ಮಂಗಳೂರಿನಲ್ಲಿ ‘ಅಲೋಶಿಯಸ್‌ನವಳು’ ಎಂದರೆ ಬ್ಯಾಂಕ್ ಮ್ಯಾನೇಜರ್ ತಲೆ ಎತ್ತಿ ನೋಡುತ್ತಾರೆ. 1880ರಿಂದ ಇರುವ ಹೆಸರು ಅದು. ಲಂಡನ್ನಿನ ರಿಕ್ರೂಟರ್‌ಗೆ ಅದು ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಪುರುಸೊತ್ತೂ ಇಲ್ಲ. ವೆಬ್‌ಸೈಟಿನಲ್ಲಿ ಅರ್ಜಿ ಹಾಕುವ ಬಾಗಿಲು ಎಲ್ಲರಿಗೂ ತೆರೆದೇ ಇರುತ್ತದೆ. ಒಳಗಿನವರೊಬ್ಬರು ಹೆಸರು ಹೇಳದೆ ಆ ಬಾಗಿಲಿನಿಂದ ಸಂದರ್ಶನದವರೆಗೆ ಹೋಗುವುದು ಅಪರೂಪ.

ಇನ್ನೊಂದು ಗೊಂದಲ. ಊರಲ್ಲಿ ಯಾರದ್ದಾದರೂ ಮಗಳು ಬಿಗ್ ಫೋರ್, ಅಂದರೆ ನಾಲ್ಕು ದೊಡ್ಡ ಆಡಿಟ್ ಸಂಸ್ಥೆಗಳಲ್ಲಿ ಒಂದರಲ್ಲಿ ‘ಕನ್ಸಲ್ಟೆಂಟ್’ ಎಂದರೆ ನಾವು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುತ್ತೇವೆ. ಅದು ಆಡಿಟ್ ಇರಬಹುದು, ಟ್ಯಾಕ್ಸ್ ಇರಬಹುದು, ಸಾಫ್ಟ್‌ವೇರ್ ಅಳವಡಿಸುವುದಿರಬಹುದು. ಅಲ್ಲಿಯೂ ಸ್ಟ್ರಾಟೆಜಿ ವಿಭಾಗ ಇದೆ: ಇವೈಗೆ ಪಾರ್ಥೆನಾನ್, ಪಿಡಬ್ಲ್ಯುಸಿಗೆ ಸ್ಟ್ರಾಟೆಜಿ ಅಂಡ್, ಡೆಲಾಯ್ಟ್‌ಗೆ ಮಾನಿಟರ್. ಆದರೆ ಅದೇ ಕಟ್ಟಡದಲ್ಲಿ ಆಡಿಟ್ ಮಹಡಿಯಿಂದ ಸ್ಟ್ರಾಟೆಜಿ ಮಹಡಿಗೆ ಹೋಗುವುದು, ಹೊರಗಿನವರು ಅಂದುಕೊಂಡಷ್ಟು ಸುಲಭವಲ್ಲ. ಮಂಗಳೂರಿನಲ್ಲಿ ಬಿ.ಕಾಂ ಜತೆಗೆ ಎಸಿಸಿಎ (ಬ್ರಿಟನ್ನಿನ ಅಕೌಂಟೆನ್ಸಿ ಅರ್ಹತೆ) ಮಾಡುವವರು ಈಗ ಬಹಳ ಮಂದಿ. ಒಳ್ಳೆಯ ಓದು, ದುಬೈಯಲ್ಲೂ ಲಂಡನ್ನಿನಲ್ಲೂ ಅಕೌಂಟ್ಸ್ ಕೆಲಸಕ್ಕೆ ನಡೆಯುತ್ತದೆ. ಅದನ್ನೇ ಸ್ಟ್ರಾಟೆಜಿ ಕನ್ಸಲ್ಟಿಂಗ್‌ನ ಟಿಕೆಟ್ ಎಂದುಕೊಂಡರೆ ನಿರಾಸೆ ಖಂಡಿತ.

ಒಂದು ವರ್ಷದ ಮಾಸ್ಟರ್ಸ್ ಮತ್ತು ಮನೆ ಅಡವು

ಯುಕೆ ದಾರಿಯನ್ನು ಸ್ವಲ್ಪ ಬಿಡಿಸಿ ನೋಡೋಣ, ಯಾಕೆಂದರೆ ನಮ್ಮ ಕಡೆಯವರು ಬಹಳ ಸಲ ಹಿಡಿಯುವ ದಾರಿ ಇದು.

ಸಾಧಾರಣ ಹೆಸರಿನ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಶುಲ್ಕ 25 ಸಾವಿರ ಪೌಂಡ್ ಎಂದಿಟ್ಟುಕೊಳ್ಳಿ. ಲಂಡನ್ನಿನಲ್ಲಿ ಇರಲು ತಿಂಗಳಿಗೆ 1,500 ಪೌಂಡ್ ಹತ್ತಿರ ಕೈಯಲ್ಲಿದೆ ಎಂದು ವೀಸಾ ಅರ್ಜಿಯಲ್ಲೇ ತೋರಿಸಬೇಕು. ಎರಡೂ ಸೇರಿ, ವಿಮಾನ, ಆರೋಗ್ಯ ಶುಲ್ಕ ಎಲ್ಲ ಕೂಡಿಸಿದರೆ 50 ಲಕ್ಷ ರೂಪಾಯಿ ಹತ್ತಿರ ಬರುತ್ತದೆ. ಅದರಲ್ಲಿ 40 ಲಕ್ಷ ಸಾಲ, ಶೇ. 11 ಬಡ್ಡಿ, ಹತ್ತು ವರ್ಷದ ಅವಧಿ ಎಂದರೆ ತಿಂಗಳ ಕಂತು ಸುಮಾರು 55 ಸಾವಿರ. ಅಷ್ಟು ದೊಡ್ಡ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತದೆ. ನಮ್ಮಲ್ಲಿ ಅದರ ಅರ್ಥ ಅಪ್ಪ ಕಟ್ಟಿಸಿದ ಮನೆ, ಇಲ್ಲದಿದ್ದರೆ ಅಡಿಕೆ ತೋಟ. ಅಲ್ಲಿ ಕೆಲಸ ಸಿಕ್ಕಿದರೆ ಕಂತು ಕಟ್ಟಬಹುದು. ಇಲ್ಲಿಗೆ ವಾಪಸ್ ಬಂದು ಮಂಗಳೂರಿನಲ್ಲಿ ಮೊದಲ ಕೆಲಸಕ್ಕೆ ಸೇರಿದರೆ ಸಂಬಳಕ್ಕಿಂತ ಕಂತೇ ದೊಡ್ಡದಾಗುವ ಸಂಭವ ಇದೆ.

ದುಡ್ಡಿಗಿಂತ ದೊಡ್ಡ ತೊಂದರೆ ಕ್ಯಾಲೆಂಡರಿನದ್ದು. ಇದನ್ನು ಏಜೆಂಟರು ಹೇಳುವುದಿಲ್ಲ. ಬ್ರಿಟನ್ನಿನಲ್ಲಿ ಮಾಸ್ಟರ್ಸ್ ತರಗತಿ ಶುರುವಾಗುವುದು ಸೆಪ್ಟೆಂಬರ್ ಕೊನೆಗೆ. ಮುಂದಿನ ವರ್ಷ ಸೇರುವ ಹೊಸಬರಿಗೆ ಕನ್ಸಲ್ಟಿಂಗ್ ಸಂಸ್ಥೆಗಳು ಅರ್ಜಿ ಕರೆಯುವುದೂ ಅದೇ ಹೊತ್ತಿಗೆ. ಬಹಳಷ್ಟು ಕಡೆ ಅಕ್ಟೋಬರಿನಲ್ಲೇ ಬಾಗಿಲು ಮುಚ್ಚುತ್ತದೆ. ಅಂದರೆ ನೀವು ಬಜ್ಪೆಯಲ್ಲಿ ವಿಮಾನ ಹತ್ತಿ, ಅಲ್ಲಿ ಇಳಿದು, ಬಾಡಿಗೆ ರೂಮು ಹುಡುಕಿ, ಬ್ಯಾಂಕ್ ಖಾತೆ ತೆರೆದು, ಮೊದಲ ಅಸೈನ್‌ಮೆಂಟ್ ಏನೆಂದು ತಿಳಿದುಕೊಳ್ಳುವಷ್ಟರಲ್ಲಿ ಆ ವರ್ಷದ ನೇಮಕಾತಿ ಮುಗಿದಿರುತ್ತದೆ. ಮುಂದಿನ ಸುತ್ತು ಬರುವಾಗ ಕೋರ್ಸೇ ಮುಗಿದಿರುತ್ತದೆ. ಕೇಸ್ ಸಂದರ್ಶನದ, ಅಂದರೆ ಒಂದು ವ್ಯಾಪಾರದ ಸಮಸ್ಯೆ ಕೊಟ್ಟು ಬಿಡಿಸಲು ಹೇಳುವ ಸಂದರ್ಶನದ ತಯಾರಿ ಊರಲ್ಲೇ, ಬೇಸಿಗೆಯಲ್ಲೇ ಮುಗಿಸಿ ಹೋದವರಿಗೆ ಮಾತ್ರ ಆ ಮೊದಲ ಸುತ್ತು ಉಪಯೋಗಕ್ಕೆ ಬರುತ್ತದೆ.

ಓದಿದ ಮೇಲೆ ಇರಬಹುದಾದ ಅವಧಿಯೂ ಕುಗ್ಗುತ್ತಿದೆ. ಎರಡು ವರ್ಷದ ಗ್ರಾಜುಯೇಟ್ ವೀಸಾವನ್ನು 2027ರ ಜನವರಿ 1ರಿಂದ ಬರುವ ಅರ್ಜಿಗಳಿಗೆ 18 ತಿಂಗಳಿಗೆ ಇಳಿಸುವುದೆಂದು ಅಲ್ಲಿನ ಸರ್ಕಾರ ತೀರ್ಮಾನಿಸಿದೆ. ಅದು ಮುಗಿದ ಮೇಲೆ ಬೇಕಾದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ 2024ರ ಏಪ್ರಿಲ್‌ನಲ್ಲಿ ಕನಿಷ್ಠ ಸಂಬಳವನ್ನು 38,700 ಪೌಂಡಿಗೆ ಏರಿಸಿದರು. 2025ರ ಜುಲೈಯಲ್ಲಿ ಅದು 41,700 ಆಯಿತು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಕೆಲವು ವರ್ಷ ರಿಯಾಯ್ತಿ ಇದೆ, ಆಮೇಲೆ ಪೂರ್ತಿ ಮಿತಿ ದಾಟಲೇಬೇಕು. 2024ರಲ್ಲಿ ಮಿತಿ ಏರಿದಾಗ ಬಿಗ್ ಫೋರ್‌ನ ಕೆಲವು ಸಂಸ್ಥೆಗಳು ವಿದೇಶಿ ಪದವೀಧರರಿಗೆ ಕೊಟ್ಟಿದ್ದ ಆಫರ್‌ಗಳನ್ನೇ ವಾಪಸ್ ಪಡೆದವು. ಮೆಕಿನ್ಸಿ, ಬಿಸಿಜಿ ಮಟ್ಟದ ಸಂಸ್ಥೆಗಳ ಸಂಬಳಕ್ಕೆ ಈ ಮಿತಿ ಅಡ್ಡಿಯಲ್ಲ. ಏಟು ಬೀಳುವುದು ಸಣ್ಣ ಕನ್ಸಲ್ಟಿಂಗ್ ಸಂಸ್ಥೆಗಳಿಗೆ. ನಮ್ಮವರಿಗೆ ನಿಜಕ್ಕೂ ಕೈಗೆಟುಕುವಂತಿದ್ದದ್ದು ಅವೇ, ಅಲ್ವಾ?

ಒಂದು ಉಪಯೋಗದ ಮಾತು: ವೀಸಾ ಕೊಡಿಸುವ ಪರವಾನಗಿ ಇರುವ ಕಂಪನಿಗಳ ಪೂರ್ತಿ ಪಟ್ಟಿಯನ್ನು ಬ್ರಿಟಿಷ್ ಸರ್ಕಾರ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಕಾಲೇಜಿಗೆ ಮುಂಗಡ ಕಟ್ಟುವ ಮೊದಲು ಅದರಲ್ಲಿ ನಿಮಗೆ ಬೇಕಾದ ಸಂಸ್ಥೆಗಳ ಹೆಸರು ಇದೆಯಾ ನೋಡಿ.

ಹಾಗಾದರೆ ಮಾಸ್ಟರ್ಸ್ ಸುಮ್ನೆ ದಂಡವೇ? ಹಾಗಲ್ಲ. ಎಚ್‌ಇಸಿ, ಲಂಡನ್ ಬಿಸಿನೆಸ್ ಸ್ಕೂಲ್, ಸೇಂಟ್ ಗ್ಯಾಲನ್ ಥರದ ಕಡೆ ‘ಮಾಸ್ಟರ್ಸ್ ಇನ್ ಮ್ಯಾನೇಜ್‌ಮೆಂಟ್’ ಇದೆ. ಅನುಭವ ಇಲ್ಲದವರಿಗೆಂದೇ ಮಾಡಿದ ಕೋರ್ಸು. ಅಲ್ಲಿಗೆ ಸಂಸ್ಥೆಗಳೇ ಬರುತ್ತವೆ. ಸೀಟು ಸಿಕ್ಕಿದರೆ ಸಾಲ ಮಾಡಿ ಹೋಗುವುದಕ್ಕೆ ಅರ್ಥವಿದೆ. ಅಂಥ ಕಡೆ ಸಿಗದೆ, ‘ಲಂಡನ್’ ಎಂಬ ಹೆಸರು ಮಾತ್ರ ಇರುವ ಕಾಲೇಜಿಗೆ ಅಷ್ಟೇ ದುಡ್ಡು ಸುರಿಯುವುದು ನನ್ನ ಪ್ರಕಾರ ಈ ಆಟದಲ್ಲಿ ಅತಿ ಕೆಟ್ಟ ನಡೆ.

ಅಮೆರಿಕದ ಮಾತು ಬೇಗ ಮುಗಿಯುತ್ತದೆ. ಅಲ್ಲಿನ ಕೆಲಸದ ವೀಸಾ ಎಚ್-1ಬಿ ವರ್ಷಕ್ಕೆ 85 ಸಾವಿರ ಮಾತ್ರ, ಅದೂ ಲಾಟರಿ. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದರು. ಅಲ್ಲೇ ಓದುತ್ತಿದ್ದು, ವಿದ್ಯಾರ್ಥಿ ವೀಸಾದಿಂದ ಬದಲಾಯಿಸಿಕೊಳ್ಳುವವರಿಗೆ ಅದು ಅನ್ವಯಿಸುವುದಿಲ್ಲ ಎಂದು ಆಮೇಲೆ ಸ್ಪಷ್ಟಪಡಿಸಿದರು. ಲಾಟರಿಯಲ್ಲೂ ಸಂಬಳ ಜಾಸ್ತಿ ಇದ್ದವರಿಗೆ ಹೆಚ್ಚು ಅವಕಾಶ ಕೊಡುವ ನಿಯಮ ಬಂದಿದೆ. ಹೊಸಬರಿಗೆ ಇದು ಒಳ್ಳೆಯ ಸುದ್ದಿಯಲ್ಲ. ಜರ್ಮನಿಯಲ್ಲಿ ವೀಸಾ ಸುಲಭ, ಓದಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ಆದರೆ ಕಾರ್ಖಾನೆ ಮಾಲೀಕನ ಎದುರು ಜರ್ಮನ್ ಭಾಷೆಯಲ್ಲೇ ಮಾತಾಡಬೇಕು. ಕನ್ಸಲ್ಟಿಂಗ್‌ಗೆ ಅಲ್ಲಿ ಅರೆಬರೆ ಭಾಷೆ ಸಾಲದು.

ಒಳಗಿನ ಬಾಗಿಲು

ಈಗ ಇನ್ನೊಂದು ದಾರಿ. ಮೆಕಿನ್ಸಿ, ಬಿಸಿಜಿ, ಬೇನ್ ಮೂವರಿಗೂ ಬೆಂಗಳೂರಿನಲ್ಲಿ ಕಚೇರಿ ಇದೆ. ಈ ಸಂಸ್ಥೆಗಳ ಒಳಗೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ವರ್ಗವಾಗುವುದು ಮಾಮೂಲು. ಎರಡು ವರ್ಷ ಚೆನ್ನಾಗಿ ಕೆಲಸ ಮಾಡಿ, ಒಬ್ಬ ಪಾರ್ಟ್‌ನರ್ ನಿಮ್ಮ ಪರ ಮಾತಾಡಿದರೆ, ದುಬೈಗೋ ಸಿಂಗಪುರಕ್ಕೋ ಲಂಡನ್‌ಗೋ ಪ್ರಾಜೆಕ್ಟ್ ಮೇಲೆ ಹೋಗಬಹುದು, ಕೆಲವೊಮ್ಮೆ ಅಲ್ಲೇ ಉಳಿಯಬಹುದು.

ವೀಸಾ ಕಾನೂನಿನಲ್ಲೂ ಇದಕ್ಕೆ ಬೇರೆಯೇ ಬಾಗಿಲು ಇದೆ. ಅಮೆರಿಕದ ಎಲ್-1 ವೀಸಾ ಅಂಥದ್ದು. ಹಿಂದಿನ ಮೂರು ವರ್ಷದಲ್ಲಿ ಕನಿಷ್ಠ ಒಂದು ವರ್ಷ ಅದೇ ಕಂಪನಿಯ ಹೊರದೇಶದ ಕಚೇರಿಯಲ್ಲಿ ದುಡಿದಿರಬೇಕು. ಲಾಟರಿ ಇಲ್ಲ, ಎಚ್-1ಬಿಯ ಆ ಲಕ್ಷ ಡಾಲರ್ ಶುಲ್ಕವೂ ಇಲ್ಲ. ಮ್ಯಾನೇಜರ್ ಆಗಿರಬೇಕು ಅಥವಾ ವಿಶೇಷ ಪರಿಣತಿ ಇರಬೇಕು ಎಂಬ ಷರತ್ತು ಇದೆ. ಬ್ರಿಟನ್ನಿನಲ್ಲಿ ‘ಗ್ಲೋಬಲ್ ಬಿಸಿನೆಸ್ ಮೊಬಿಲಿಟಿ’ ವೀಸಾ ಇದೆ. ಕನಿಷ್ಠ ಸಂಬಳ ಇನ್ನೂ ಜಾಸ್ತಿ, ಅದರಿಂದ ಕಾಯಂ ನೆಲೆ ಸಿಗುವುದಿಲ್ಲ, ಆದರೆ ಕಾಗದ ಪತ್ರದ ಕೆಲಸ, ಖರ್ಚು ಎಲ್ಲ ಕಂಪನಿಯದ್ದು. ಲೆಕ್ಕ ತಿರುಗುಮುರುಗು ಆಗುವುದು ಇಲ್ಲಿಯೇ. ಮೊದಲ ದಾರಿಯಲ್ಲಿ ನೀವು ಸಾಲ ಮಾಡಿ ಕಂಪನಿಯನ್ನು ಹುಡುಕುತ್ತೀರಿ. ಎರಡನೆಯದರಲ್ಲಿ ಕಂಪನಿ ಸಂಬಳ ಕೊಟ್ಟು ನಿಮ್ಮನ್ನು ಕಳಿಸುತ್ತದೆ.

ಸರಿ, ಬೆಂಗಳೂರು ಕಚೇರಿಯ ಒಳಗೆ ಹೋಗುವುದು ಹೇಗೆ? ಅದೂ ಸುಲಭ ಅಲ್ಲ. ಮಂಗಳೂರಿನಿಂದ ನೇರವಾಗಿ ಹೋಗುವವರು ಕಡಿಮೆ. ನೆಚ್ಚಬಹುದಾದ ಒಂದು ದಾರಿ ಎರಡು ಮೂರು ವರ್ಷ ಕೆಲಸ ಮಾಡಿ, ಕ್ಯಾಟ್ ಅಥವಾ ಜಿಮ್ಯಾಟ್ ಪ್ರವೇಶ ಪರೀಕ್ಷೆ ಬರೆದು, ಮೇಲಿನ ಐಐಎಂ ಅಥವಾ ಐಎಸ್‌ಬಿಗೆ ಹೋಗುವುದು. ಸಿಎ ಇನ್ನೊಂದು. ನಮ್ಮ ಜಿಲ್ಲೆಗಳಿಗೆ ಸಿಎ ಹೊಸದಲ್ಲ. ಮೊದಲ ಪ್ರಯತ್ನದಲ್ಲೇ, ರ‍್ಯಾಂಕ್ ಸಹಿತ ಮುಗಿಸಿದ ಸಿಎಗಳನ್ನು ಕನ್ಸಲ್ಟಿಂಗ್‌ನವರು ನೋಡುತ್ತಾರೆ, ವಿಶೇಷವಾಗಿ ಕಂಪನಿ ಖರೀದಿ, ವಿಲೀನದ ಕೆಲಸಕ್ಕೆ. ಇನ್ನು ಗುರುಗ್ರಾಮದಲ್ಲಿ ಈ ಸಂಸ್ಥೆಗಳ ಸಂಶೋಧನಾ ಕೇಂದ್ರಗಳಿವೆ. ಲಂಡನ್ನಿನ ತಂಡಕ್ಕೆ ಬೇಕಾದ ಅಂಕಿಅಂಶ, ಮಾರುಕಟ್ಟೆ ಲೆಕ್ಕ ತಯಾರಾಗುವುದು ಅಲ್ಲಿ. ಆ ಕೆಲಸದಿಂದ ಕ್ಲೈಂಟ್ ಎದುರು ಕೂರುವ ಕೆಲಸಕ್ಕೆ ದಾಟಿದವರು ಇದ್ದಾರೆ, ದಾಟದೆ ಉಳಿದವರು ಅದಕ್ಕಿಂತ ಜಾಸ್ತಿ. ಸೇರುವ ಮೊದಲು ಅಲ್ಲಿರುವವರನ್ನೇ ಕೇಳಿ: ಹೋದ ವರ್ಷ ಎಷ್ಟು ಜನ ದಾಟಿದರು?

ಮಣಿಪಾಲದ ಟ್ಯಾಪ್ಮಿ, ನಿಟ್ಟೆ, ಮಂಗಳೂರಿನ ಎಂಬಿಎ ಕಾಲೇಜುಗಳಲ್ಲಿ ಈಗಾಗಲೇ ಇರುವವರಿಗೂ ಇದೇ ಮಾತು. ಪ್ಲೇಸ್‌ಮೆಂಟ್ ವರದಿಯಲ್ಲಿ ‘ಕನ್ಸಲ್ಟಿಂಗ್’ ಎಂಬ ಕಾಲಂ ಕಂಡ ಕೂಡಲೇ ಖುಷಿಪಡಬೇಡಿ. ಯಾವ ಸಂಸ್ಥೆ, ಯಾವ ಹುದ್ದೆ ಎಂದು ಸೀನಿಯರ್‌ಗಳನ್ನು ವಿಚಾರಿಸಿ. ಕಾಲಂ ಒಂದೇ, ಒಳಗಿನ ಕೆಲಸ ಹತ್ತು ಬಗೆ.

ಕೊಲ್ಲಿ ರಾಷ್ಟ್ರಗಳ ಮಾತು ಬೇರೆಯಾಗಿಯೇ ಆಡಬೇಕು. ಬಜ್ಪೆಯಿಂದ ದುಬೈಗೆ ಸುಮಾರು ನಾಲ್ಕು ಗಂಟೆ. ಅಲ್ಲಿ ಮಾವನೋ ದೊಡ್ಡಪ್ಪನ ಮಗನೋ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. 2016ರಲ್ಲಿ ಸೌದಿ ‘ವಿಷನ್ 2030’ ಘೋಷಿಸಿದ ಮೇಲೆ ಕನ್ಸಲ್ಟಿಂಗ್ ಸಂಸ್ಥೆಗಳಿಗೆ ಆ ಕಡೆ ಸುಗ್ಗಿ. ಎಣ್ಣೆ ಬಿಟ್ಟು ಬೇರೆ ಆದಾಯ ಹುಡುಕುವ ಸರ್ಕಾರಗಳು ನಗರ ಯೋಜನೆಯಿಂದ ಪ್ರವಾಸೋದ್ಯಮದವರೆಗೆ ಎಲ್ಲಕ್ಕೂ ಸಲಹೆ ಕೇಳಿದವು. ಆದರೆ ನಮ್ಮವರ ಪರಿಚಯ ಇರುವುದು ಅಂಗಡಿ, ಹೋಟೆಲು, ಅಕೌಂಟ್ಸ್, ಆಸ್ಪತ್ರೆಗಳಲ್ಲಿ. ಸ್ಟ್ರಾಟೆಜಿ ಸಂಸ್ಥೆಗಳ ಮಹಡಿಯಲ್ಲಿ ಲೆಬನಾನಿನವರು, ಯುರೋಪಿನವರು, ಈಗ ಸೌದಿಯವರೇ ಜಾಸ್ತಿ. ಕನ್ಸಲ್ಟಿಂಗ್ ಹುದ್ದೆಗಳಲ್ಲಿ ಶೇ. 40ರಷ್ಟು ಸ್ವದೇಶಿಗಳೇ ಇರಬೇಕೆಂಬ ನಿಯಮವನ್ನು ಸೌದಿ 2024ರಲ್ಲಿ ಜಾರಿ ಮಾಡಿತು. ಅದೇ ವರ್ಷದಿಂದ, ಪ್ರಾದೇಶಿಕ ಕೇಂದ್ರ ಕಚೇರಿಯನ್ನು ಸೌದಿಯಲ್ಲೇ ಇಡದ ವಿದೇಶಿ ಕಂಪನಿಗಳಿಗೆ ಸರ್ಕಾರಿ ಗುತ್ತಿಗೆ ಕೊಡುವುದನ್ನೂ ಬಿಗಿ ಮಾಡಿತು. ಹಾಗಾಗಿ ಕೆಲಸ ದುಬೈಯಿಂದ ರಿಯಾದ್ ಕಡೆ ವಾಲುತ್ತಿದೆ, ಅರೇಬಿಕ್ ಬಲ್ಲವರಿಗೆ ಬೆಲೆ ಏರುತ್ತಿದೆ. ಮದ್ರಸದಲ್ಲಿ ಅರಬಿ ಓದಲು ಕಲಿತ ಬ್ಯಾರಿ ಹುಡುಗರು ಅದನ್ನು ಮಾತಾಡುವ, ವ್ಯವಹಾರದ ಭಾಷೆಯಾಗಿ ಬೆಳೆಸಿಕೊಂಡರೆ ಅವರಿಗೆ ಇಲ್ಲಿ ಬೇರೆಯವರಿಗಿಲ್ಲದ ಅನುಕೂಲ ಇದೆ ಎಂದು ನನಗನಿಸುತ್ತದೆ. ಇದನ್ನು ಯಾವ ಕಾಲೇಜೂ ಗಂಭೀರವಾಗಿ ಹೇಳಿದ್ದು ನಾನು ಕೇಳಿಲ್ಲ.

ಗೇರುಬೀಜದ ಕೇಸ್

ಸಂಸ್ಥೆ ಯಾವುದೇ ಇರಲಿ, ದೇಶ ಯಾವುದೇ ಇರಲಿ, ಕೊನೆಗೆ ಕೂರಬೇಕಾದದ್ದು ಕೇಸ್ ಸಂದರ್ಶನಕ್ಕೆ. ಒಂದು ವ್ಯಾಪಾರದ ಸಮಸ್ಯೆ ಕೊಟ್ಟು, ಅರ್ಧ ಗಂಟೆಯಲ್ಲಿ ನಿಮ್ಮ ತಲೆ ಹೇಗೆ ಓಡುತ್ತದೆ ಎಂದು ನೋಡುತ್ತಾರೆ. ನಮ್ಮ ಮಕ್ಕಳು ಇದಕ್ಕೆ ಅಮೆರಿಕದ ವಿಮಾನ ಕಂಪನಿಯ ಕೇಸುಗಳನ್ನು ಉರು ಹೊಡೆಯುತ್ತಾರೆ. ನಾನಾದರೆ ಊರಿನ ಕಸುಬಿನಿಂದಲೇ ಶುರು ಮಾಡಿ ಎನ್ನುತ್ತೇನೆ.

‘ಮಂಗಳೂರಿನ ಒಂದು ಗೇರುಬೀಜ ಕಾರ್ಖಾನೆಯ ಲಾಭ ಎರಡು ವರ್ಷದಿಂದ ಇಳಿಯುತ್ತಿದೆ. ಯಾಕೆ?’ ಎಂದು ಕೇಳಿದರು ಎಂದಿಟ್ಟುಕೊಳ್ಳಿ. ತಕ್ಷಣ ಬರುವ ಉತ್ತರ: ‘ಕೂಲಿ ಜಾಸ್ತಿ ಆಗಿದೆ ಸರ್’ ಅಥವಾ ‘ವಿಯೆಟ್ನಾಮಿನ ಪೈಪೋಟಿ’. ಎರಡೂ ನಿಜವಿರಬಹುದು. ಸಂದರ್ಶಕರಿಗೆ ಬೇಕಾದದ್ದು ಅದಲ್ಲ. ಅವರಿಗೆ ಬೇಕಾದದ್ದು ನೀವು ಮೊದಲು ಕೇಳುವ ಪ್ರಶ್ನೆ: ಲಾಭ ಇಳಿದದ್ದು ಇವರೊಬ್ಬರದ್ದೋ, ಸುತ್ತಲಿನ ಎಲ್ಲಾ ಕಾರ್ಖಾನೆಗಳದ್ದೋ? ಆಮೇಲೆ ಲೆಕ್ಕ.

ಉದಾಹರಣೆಗೆ ಒಂದಿಷ್ಟು ಅಂಕಿ ಹಿಡಿದುಕೊಳ್ಳೋಣ. ಆಫ್ರಿಕಾದಿಂದ ಬಂದ ಕಚ್ಚಾ ಬೀಜ ಕಿಲೋಗೆ 120 ರೂಪಾಯಿ. ನೂರು ಕಿಲೋ ಬೀಜಕ್ಕೆ 12,000. ಅದರಿಂದ 22 ಕಿಲೋ ತಿರುಳು ಬರುತ್ತದೆ. ಅದರಲ್ಲಿ ಶೇ. 70 ಇಡಿ ತಿರುಳು, ಕಿಲೋಗೆ 800. ಉಳಿದದ್ದು ತುಂಡು, ಕಿಲೋಗೆ 600. ಸರಾಸರಿ 740, ಒಟ್ಟು 16,280 ರೂಪಾಯಿ. ಬೀಜದ ದುಡ್ಡು ಕಳೆದರೆ ಸಂಬಳ, ಕರೆಂಟು, ಬಡ್ಡಿ, ಲಾಭ ಎಲ್ಲಕ್ಕೂ ಸೇರಿ ಉಳಿಯುವುದು 4,280.

ಈಗ ಮೂರು ಅನುಮಾನ. ಒಂದು, ತಿರುಳು ಜಾಸ್ತಿ ತುಂಡಾಗುತ್ತಿದೆ: ಇಡಿ ತಿರುಳು ಶೇ. 70ರಿಂದ 62ಕ್ಕೆ ಇಳಿದರೆ ನಷ್ಟ 352 ರೂಪಾಯಿ. ಎರಡು, ಕಚ್ಚಾ ಬೀಜದ ಬೆಲೆ ಶೇ. 5 ಏರಿದೆ: ನಷ್ಟ 600. ಮೂರು, ಬೀಜದ ಗುಣಮಟ್ಟ ಕೆಟ್ಟು, 22 ಕಿಲೋ ಬದಲು 21 ಕಿಲೋ ತಿರುಳು ಬರುತ್ತಿದೆ: ನಷ್ಟ 740. ಕಾರ್ಖಾನೆಯೊಳಗೆ ಕಾಲಿಟ್ಟರೆ ಕಣ್ಣಿಗೆ ಬೀಳುವುದು ತುಂಡಾದ ತಿರುಳು. ಎಲ್ಲರೂ ಬಯ್ಯುವುದು ಸಿಪ್ಪೆ ತೆಗೆಯುವ ಹೆಂಗಸರಿಗೆ. ಲೆಕ್ಕ ಹೇಳುವುದು ಬೇರೆ: ದುಡ್ಡು ಸೋರುತ್ತಿರುವುದು ಖರೀದಿಯಲ್ಲಿ. ಹಾಗಾದರೆ ನೋಡಬೇಕಾದದ್ದು ಬಂದರಿಗೆ ಬಂದ ಸರಕಿನ ಕಟಿಂಗ್ ಟೆಸ್ಟ್ (ಬೀಜ ಕತ್ತರಿಸಿ ಗುಣಮಟ್ಟ ನೋಡುವುದು) ಯಾರು ಮಾಡುತ್ತಾರೆ, ಎಷ್ಟು ಚೀಲ ಬಿಚ್ಚಿ ನೋಡುತ್ತಾರೆ, ಕಡಿಮೆ ಬಂದರೆ ಮಾರಿದವನಿಂದ ದುಡ್ಡು ಹಿಡಿಯುವ ಷರತ್ತು ಇದೆಯಾ ಎಂದು.

ಇಷ್ಟೇ ಕೇಸ್. ಕಷ್ಟದ ಗಣಿತ ಒಂದೂ ಇಲ್ಲ. ಆದರೆ ಇದನ್ನು ಯೋಚಿಸುತ್ತಾ ಯೋಚಿಸುತ್ತಾ ಬಾಯಿಬಿಟ್ಟು ಹೇಳುತ್ತಿರಬೇಕು. ನಮ್ಮವರು ಸೋಲುವುದು ಇಲ್ಲಿ. ಉತ್ತರ ಪಕ್ಕಾ ಆಗುವವರೆಗೆ ಸುಮ್ಮನಿರು ಎಂದು ಒಂದನೇ ಕ್ಲಾಸಿನಿಂದ ಕಲಿಸಿದ್ದಾರೆ. ಎರಡು ನಿಮಿಷ ಮೌನವಾಗಿ ಬರೆದು ಸರಿಯುತ್ತರ ಕೊಟ್ಟ ಹುಡುಗನಿಗಿಂತ, ‘ಇದು ತಪ್ಪಿರಬಹುದು, ಆದರೆ ಮೊದಲು ಖರೀದಿ ನೋಡೋಣ’ ಎಂದು ಮಾತಾಡುತ್ತಾ ಹೋದವಳಿಗೆ ಅಂಕ ಜಾಸ್ತಿ. ಇಬ್ಬರು ಗೆಳೆಯರು ಸೇರಿ, ವಾರಕ್ಕೆ ಎರಡು ಮೂರು ಸಂಜೆ, ಒಬ್ಬರು ಸಂದರ್ಶಕರಾಗಿ ಇನ್ನೊಬ್ಬರನ್ನು ಕಾಡಿದರೆ ಇದು ಬರುತ್ತದೆ. ಇಂಗ್ಲಿಷ್ ಉಚ್ಚಾರದ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಕಂಪನಿಯವರು ಉಚ್ಚಾರಕ್ಕಿಂತ ಮಾತಿನ ಜೋಡಣೆ ನೋಡುತ್ತಾರೆ.

ಸಿವಿಯಲ್ಲೂ ಇದೇ ಕಥೆ. ಒಂದೇ ಪುಟ. ‘ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಇಂಟರ್ನ್‌ಶಿಪ್, ಲೆಕ್ಕಪತ್ರ ನೋಡಿಕೊಂಡೆ’ ಎಂದು ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಜೂನ್, ಜುಲೈಯಲ್ಲಿ ಮೀನುಗಾರಿಕೆ ನಿಷೇಧ ಇದ್ದಾಗ ಪ್ಲಾಂಟ್ ಎಷ್ಟು ದಿನ ನಿಂತಿತ್ತು, ಆಗ ಕರೆಂಟ್ ಬಿಲ್ ಎಷ್ಟು ಬರುತ್ತಿತ್ತು, ನೀವು ಹೇಳಿದ ಯಾವ ಬದಲಾವಣೆಯನ್ನು ಮಾಲೀಕರು ಒಪ್ಪಿದರು, ಎಷ್ಟು ಉಳಿಯಿತು, ಅದನ್ನು ಬರೆಯಿರಿ. ಸಣ್ಣ ಮೊತ್ತವಾದರೂ ಪರವಾಗಿಲ್ಲ. ಮಾಡಿರಬೇಕು, ಅಷ್ಟೇ.

ಇನ್ನು ರೆಫರಲ್, ಅಂದರೆ ಒಳಗಿನವರು ನಿಮ್ಮ ಹೆಸರು ಹೇಳುವುದು. ‘ಗುರುತಿಲ್ಲದವರಿಗೆ ಮೆಸೇಜ್ ಹಾಕುವುದು ಹೇಗೆ ಮಾರಾಯ್ರೆ’ ಎಂಬ ಮುಜುಗರ ನಮ್ಮಲ್ಲಿ ಜಾಸ್ತಿ. ಅದನ್ನು ಬಿಡಲೇಬೇಕು. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನಿಂದಲೋ ಊರಿನಿಂದಲೋ ಹೋಗಿ ಈ ಸಂಸ್ಥೆಗಳಲ್ಲಿ ಇರುವವರನ್ನು ಹುಡುಕಿ. ನಾಲ್ಕು ಸಾಲು ಬರೆಯಿರಿ: ಯಾರು, ಎಲ್ಲಿಂದ, ಯಾವ ಪ್ರಶ್ನೆ, ಹದಿನೈದು ನಿಮಿಷ ಸಿಗುತ್ತದೆಯೇ. ಮೊದಲ ಮೆಸೇಜಿನಲ್ಲೇ ಕೆಲಸ ಕೊಡಿಸಿ ಎಂದು ಕೇಳಬೇಡಿ. ಸಿವಿಯನ್ನು ಅವರೇ ಕೇಳಲಿ. ಹತ್ತು ಜನರಲ್ಲಿ ಎಂಟು ಜನ ಉತ್ತರ ಕೊಡದಿದ್ದರೆ ಅದು ನಿಮ್ಮ ಮೇಲಿನ ತೀರ್ಪಲ್ಲ, ಅವರು ರಾತ್ರಿ ಹನ್ನೊಂದಕ್ಕೂ ಸ್ಲೈಡ್ ತಿದ್ದುತ್ತಿರುತ್ತಾರೆ.

ಮಾರುಕಟ್ಟೆ ಈಗ ಹೇಗಿದೆ?

ತಣ್ಣಗಿದೆ. ಕೊರೊನಾ ನಂತರ ಸಿಕ್ಕಾಪಟ್ಟೆ ಜನರನ್ನು ತೆಗೆದುಕೊಂಡ ಸಂಸ್ಥೆಗಳು 2023ರಿಂದ ಕೈ ಹಿಡಿದುಕೊಂಡಿವೆ. ಮೆಕಿನ್ಸಿಯ ಸಿಬ್ಬಂದಿ ಸುಮಾರು 45 ಸಾವಿರ ಇದ್ದದ್ದು 2025ರ ಹೊತ್ತಿಗೆ ಸುಮಾರು 40 ಸಾವಿರಕ್ಕೆ ಇಳಿಯಿತು. ಜತೆಗೆ ಎಐ ಬಂತು. 2023ರಲ್ಲೇ ಮೆಕಿನ್ಸಿ ‘ಲಿಲಿ’ ಎಂಬ ತನ್ನದೇ ಎಐ ತಂದಿತು, ಬೇನ್ ಓಪನ್‌ಎಐ ಜತೆ ಕೈಜೋಡಿಸಿತು. ಹಳೆ ವರದಿ ಹುಡುಕುವುದು, ಮೊದಲ ಕರಡು ಸ್ಲೈಡ್ ಮಾಡುವುದು, ಮಾರುಕಟ್ಟೆ ಗಾತ್ರ ಅಂದಾಜು ಮಾಡುವುದು, ಇವೆಲ್ಲ ಹೊಸಬರು ಮಾಡುತ್ತಿದ್ದ ಕೆಲಸ. ಅದರಲ್ಲಿ ದೊಡ್ಡ ಪಾಲು ಈಗ ನಿಮಿಷಗಳಲ್ಲಿ ಆಗುತ್ತದೆ. ಗುರುಗ್ರಾಮದ ಕೇಂದ್ರಗಳಿಗೆ ಇದರ ಬಿಸಿ ಮೊದಲು ತಾಗಬಹುದು ಎಂಬುದು ನನ್ನ ಅಂದಾಜು. ಹಾಗಾಗಿ ಆ ದಾರಿಯನ್ನು ಹಿಡಿಯುವವರು ‘ನಾಲ್ಕೈದು ವರ್ಷ ಇಲ್ಲೇ ಇದ್ದು ನೋಡೋಣ’ ಎಂದು ಕೂರದೆ, ಸೇರಿದ ದಿನದಿಂದಲೇ ಕ್ಲೈಂಟ್ ಜತೆ ಮಾತಾಡುವ ಕೆಲಸ ಕೇಳಿ ಪಡೆಯಬೇಕು.

ಇನ್ನೂ ಕೊನೆಯ ವರ್ಷದಲ್ಲಿ ಇರುವವರಿಗೆ ಒಂದು ಕಡಿಮೆ ಗೊತ್ತಿರುವ ಅವಕಾಶ ಇದೆ. ಹಾರ್ವರ್ಡ್‌ನ ‘2+2’ ಥರದ ಯೋಜನೆಗಳಲ್ಲಿ ಓದುತ್ತಿರುವಾಗಲೇ ಎಂಬಿಎ ಸೀಟು ಕಾದಿರಿಸಿಕೊಂಡು, ಕೆಲಸದ ಅನುಭವ ಮಾಡಿಕೊಂಡು ಬಂದು ಸೇರಬಹುದು. ಡಿಗ್ರಿ ಮುಗಿದರೆ ಆ ಬಾಗಿಲು ಮುಚ್ಚಿದಂತೆ. ನಿಮ್ಮ ಕಾಲೇಜಿನಲ್ಲಿ ಇದನ್ನು ಯಾರೂ ಹೇಳದಿದ್ದರೆ ಆಶ್ಚರ್ಯವೇನಿಲ್ಲ, ನೀವೇ ಹೋಗಿ ನೋಡಿ.

ಆಫರ್ ಸಿಕ್ಕವರಿಗೂ ಒಂದು ಮಾತು. 2023ರಲ್ಲಿ ಹಲವು ಸಂಸ್ಥೆಗಳು ಹೊಸಬರು ಸೇರುವ ದಿನವನ್ನು ತಿಂಗಳುಗಟ್ಟಲೆ ಮುಂದೂಡಿದವು. ಬೇನ್ ಅಂತೂ ತಡವಾಗಿ ಸೇರಲು ಒಪ್ಪಿದವರಿಗೆ ದುಡ್ಡನ್ನೂ ಕೊಟ್ಟಿತು. ಹಾಗಾಗಿ ಪತ್ರ ಕೈಗೆ ಬಂದಾಗ ಸೇರುವ ದಿನಾಂಕ, ವೀಸಾ ಯಾರು ಮಾಡಿಸುತ್ತಾರೆ, ವೀಸಾ ಸಿಗದಿದ್ದರೆ ಬೇರೆ ದೇಶದ ಕಚೇರಿಯಲ್ಲಿ ಜಾಗ ಕೊಡುತ್ತಾರಾ, ಈ ಮೂರೂ ಬರಹದಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ, ಅದಕ್ಕೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಉತ್ತರ ಬರುವವರೆಗೆ ಈಗಿರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.